ಬೈರಿಗೆ ಬರೆದ ಪತ್ರ

ಲೋ ಗುಂಡ,

ಹೇಗಿದೀಯ ಅಂತ ಕೇಳಲ್ಲ, ಕೇಳಿದ್ರೆ ಹೇಳೋಕೆ ಶುರು ಮಾಡ್ತೀಯ, ನನ್ ಸರದಿ ತಡ ಆಗುತ್ತೆ. ಇನ್‌ಬಾಕ್ಸ್ ಬಿಟ್ಟು ಎಲ್ಲರ ಮುಂದೆ ಯಾಕೆ ಬರೀತಿದೀನಿ ಅಂದ್ರೆ, ಇಲ್ಲಿ ನೀನು ಓದದಿದ್ರೂ ಯಾರಾದ್ರೂ ನಾಲ್ಕು ಜನ ನಿನ್ನ ಟ್ಯಾಗ್ ಮಾಡಿ ಓದಿಸ್ತಾರೆ.

ಮೊನ್ನೆ ಫೋನಲ್ಲಿ "ಕೊರೀಬೇಡ್ವೋ" ಅಂದ್ಯಲ್ಲ, ಅದನ್ನೇ ಹಿಡ್ಕೊಂಡು ಕೂತಿದೀನಿ. ಎಂಥಾ ಪದ ಮಾರಾಯ! ಬಡಗಿ ಬೈರಿಗೆ ಹಿಡ್ದು ಮರ ಕೊರೀತಾನೆ, ಚಳಿ ಕೊರೆಯುತ್ತೆ, ಭತ್ತದ ಕಾಂಡನ ಹುಳ ಕೊರೆಯುತ್ತೆ, ಮಳೆಗಾಲ ಬಂದ್ರೆ ಕರಾವಳಿ ಪೇಪರ್ ತುಂಬಾ ಕಡಲ್ಕೊರೆತ, ಇವೆಲ್ಲದರ ಸಾಲಲ್ಲಿ ತಂದು ನನ್ನನ್ನೂ ನಿಲ್ಸಿದಾರೆ. ಯಾವ್ದೂ ಒಂದೇಟಿಗೆ ಆಗೋ ಕೆಲ್ಸ ಅಲ್ಲ ನೋಡು, ತೂತು ಬೀಳೋವರೆಗೂ ಅಲ್ಲಲ್ಲೇ ಸುತ್ತಬೇಕು. ಹರಟೆಗಾದ್ರೆ ಮರ್ಯಾದೆ ಇದೆ, ಇಬ್ರು ಬೇಕು ಅದಕ್ಕೆ, ಸಾಹಿತ್ಯದಲ್ಲೂ ಅದಕ್ಕೊಂದು ಕುರ್ಚಿ ಹಾಕಿದಾರೆ. ಕೊರೆಯೋಕೆ ಒಬ್ಬ ಸಾಕು, ಎದುರಿಗಿರೋನು ಬರೀ ಮರ. ಆ ಮರಕ್ಕೂ 'ಕೊರೆಸ್ಕೊಂಡೆ' ಅಂತ ಬೇರೆ ಕ್ರಿಯಾಪದ ಇದೆ ನಮ್ಮಲ್ಲಿ! ತಮಿಳಲ್ಲಿ ಇದಕ್ಕೆ ಅರುವೈ ಅಂತಾರೆ, ಅಂದ್ರೆ ಕುಯ್ಯೋದು. ನಮ್ಮಲ್ಲೂ 'ಕುಯ್ತಾನೆ' ಇದೆ, ಆದ್ರೆ ಕುಯ್ದ್ರೆ ಬೇಗ ಮುಗಿದೋಗುತ್ತೆ, ನನ್ನ ಕೇಸಿಗೆ ಕೊರೆಯೋದೇ ಸರಿ.

ಇನ್ನೊಂದು ತಮಾಷೆ, 'ಅವ್ನು ಕೊರೀತಾನೆ' ಅನ್ನೋರೇ ಎಲ್ಲಾ, 'ನಾನು ಕೊರೀತೀನಿ' ಅನ್ನೋರು ಸಿಗಲ್ಲ. ಹೆಚ್ಚಂದ್ರೆ ಎಲ್ಲಾ ಮುಗಿದ್ಮೇಲೆ 'ತುಂಬಾ ಕೊರೆದ್ನಾ?' ಅಂತೀವಿ, ಎದುರಿನವರು 'ಛೆ ಛೆ' ಅನ್ನಬೇಕು.

ನೀನು ಅನ್ಲಿಲ್ಲ.

ಆಮೇಲೆ ಹನ್ನೊಂದು ನಿಮಿಷದ ವಾಯ್ಸ್ ನೋಟ್ ಕಳಿಸಿದ್ನಲ್ಲ, ಅದರ ಮೈಕ್ ಗುರುತು ಇನ್ನೂ ನೀಲಿ ಆಗಿಲ್ಲ ಕಣೋ. ಬೈತಿಲ್ಲ, ನಾನಾಗಿದ್ರೂ ಕೇಳ್ತಿರ್ಲಿಲ್ಲ. 2021ರಲ್ಲಿ ವಾಟ್ಸಾಪ್‌ನೋರು ಡಬಲ್ ಸ್ಪೀಡ್ ಕೊಟ್ರಲ್ಲ, ನನ್ನಂಥೋರ ಕಾಟಕ್ಕೇ ಇರ್ಬೇಕು, ನಿನ್ನೆ ರಾತ್ರಿ ನಿದ್ದೆ ಬರದೆ ಅದನ್ನ ಒತ್ತಿ ನನ್ನ ಕೊರೆತಾನ ನಾನೇ ಕೇಳಿದೆ. ಛತ್ರಿ ಮೇಷ್ಟ್ರು, ಬೈಕ್ ಚೈನು, ಆ ಮದುವೆಮನೆ ಪ್ರಕರಣ, ಎಲ್ಲಾ ಬಂತು. ಒಂಬತ್ತನೇ ನಿಮಿಷದಲ್ಲಿ "ಅಂದ ಹಾಗೆ ಕೆಲ್ಸ ಹೋಯ್ತು ಕಣೋ" ಅಂತ ಅಂದು, ಉಸಿರೂ ತಗೊಳ್ದೆ ವಾಪಸ್ ಚೈನಿಗೆ ಹೋಗ್ಬಿಟ್ಟಿದೀನಿ. ಡಬಲ್ ಸ್ಪೀಡಲ್ಲಿ ಒಂದು ಸೆಕೆಂಡೂ ಇಲ್ಲ ಅದು. ಅಷ್ಟಕ್ಕೆ ಮುಂಚೆ ಎಂಟು ನಿಮಿಷ ಸುತ್ತು, ನೀನು ಎಲ್ಲಿ ಏನಾದ್ರೂ ಕೇಳ್ತೀಯೋ ಅನ್ನೋ ಥರ ಆಮೇಲೆ ಮತ್ತೆರಡು ನಿಮಿಷ ಮಣ್ಣು ಮುಚ್ಚೋದು. ಮನಸ್ಸಲ್ಲಿ ಕೊರೀತಿದೆ ಅಂತಾರಲ್ಲ, ಅದೂ ಇದೇ ಕೊರೆತ ಅಂತ ಆಗ ಹೊಳೀತು ನೋಡು. ಮನೇಲಿ ಇನ್ನೂ ಹೇಳಿಲ್ಲ. ಬೆಳಗ್ಗೆ ಬ್ಯಾಗ್ ಹಾಕ್ಕೊಂಡು ಹೊರಡ್ತೀನಿ, ಟೈಮಿಗೆ ಸರಿಯಾಗಿ. ಸಂಜೆ 'ಆಫೀಸಲ್ಲಿ ಏನಾಯ್ತು ಗೊತ್ತಾ' ಅಂತ ಅರ್ಧ ಗಂಟೆ ಕೊರೀತೀನಿ.

ಅಯ್ಯೋ, ಇದು ಪಬ್ಲಿಕ್ ಪೋಸ್ಟು. ನಮ್ಮಕ್ಕ ಇದಾಳೆ ಇಲ್ಲಿ. ಇರ್ಲಿ ಬಿಡು, ಎರಡನೇ ಪ್ಯಾರಾ ದಾಟಿ ಅವಳು ನಂದೇನೂ ಇವತ್ತಿನವರೆಗೆ ಓದಿಲ್ಲ.

ನೀನು ಆ ನೋಟ್ ಕೇಳೋಕೆ ಹೋಗ್ಬೇಡ ಇನ್ನು. ಚೈನಿನ ಕಥೆ ಪೂರ್ತಿ ಸುಳ್ಳು.

ಇಂತಿ,
ತುಂಬಾ ಕೊರೆದ್ನಾ?