ಚೆನ್ನಾಗಿದ್ದೀರಾ ಎಂದು ಕೇಳಿದರೆ ಸಾಲದು

ಮಾನ್ಯ ಸಂಪಾದಕರೇ,

ಅಕ್ಟೋಬರ್ ಬಂದರೆ ಸ್ತನ ಕ್ಯಾನ್ಸರ್ ಜಾಗೃತಿಗೆಂದು ಗುಲಾಬಿ ಟೀ ಶರ್ಟ್ ಹಾಕಿಕೊಂಡು ಜಾಥಾ ಮಾಡುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಮಾಡಲಿ. ಆದರೆ ಬೆಂಗಳೂರಿನ ಕಿದ್ವಾಯಿಗೆ ಓಡಾಡಿ ಕೀಮೋ, ರೇಡಿಯೇಷನ್ ಮುಗಿಸಿಕೊಂಡು ಬಂದ ನಮ್ಮ ತುಮಕೂರಿನ ಹೆಂಗಸರಿಗೆ ಆಮೇಲೆ ಏನಿದೆ? ತೋಳು ಮೇಲೆತ್ತಲು ಆಗಲ್ಲ, ಸುಸ್ತು ಹೋಗಲ್ಲ, ಕಾಯಿಲೆ ಮತ್ತೆ ಬಂದರೆ ಅನ್ನೋ ಭಯ ಬೇರೆ.

ಇವರಿಗಾಗಿ ಫಿಸಿಯೋಥೆರಪಿಸ್ಟ್ ನೋಡಿಕೊಳ್ಳುವ ಗುಂಪು ವ್ಯಾಯಾಮ ಶುರುವಾಗಲಿ. ಅಮಾನಿಕೆರೆ ಪಾರ್ಕಿನಲ್ಲಿ ಮಾಡಬಹುದು ಎನ್ನುವವರಿದ್ದಾರೆ. ಕೂದಲು ಉದುರಿದ ತಲೆಯಲ್ಲಿ ಅಷ್ಟು ಜನರ ಮುಂದೆ ಕೈ ಬೀಸಲು ಯಾರು ಬರುತ್ತಾರೆ? ಜಿಲ್ಲಾಸ್ಪತ್ರೆಯಲ್ಲೇ ಒಂದು ಹಾಲ್ ಕೊಡಲಿ.

ಜೊತೆಗೆ, ಅದರಿಂದ ಮನಸ್ಸಿಗೆ ಏನಾಯಿತು ಎಂಬುದನ್ನು ಸರಿಯಾಗಿ ಅಳೆಯಲಿ. ಸ್ಕಾಟ್ಲೆಂಡಿನಲ್ಲಿ ಚಿಕಿತ್ಸೆಯಲ್ಲಿದ್ದ 203 ಹೆಂಗಸರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ 12 ವಾರ ಗುಂಪು ವ್ಯಾಯಾಮ ಮಾಡಿಸಿದರು. ಫಲಿತಾಂಶ 2007ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯಾವುದೇ ಕ್ಯಾನ್ಸರ್‌ಗೆ ಹೊಂದುವ ಸಾಮಾನ್ಯ ಪ್ರಶ್ನೆಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ! ಸ್ತನ ಕ್ಯಾನ್ಸರ್‌ಗೆಂದೇ ಮಾಡಿದ ಪ್ರಶ್ನೆಗಳಲ್ಲಿ, ಉಲ್ಲಾಸದಲ್ಲಿ, ಭುಜದ ಚಲನೆಯಲ್ಲಿ ಮಾತ್ರ ಸುಧಾರಣೆ ಸ್ಪಷ್ಟವಾಗಿತ್ತು. ಮೊದಲನೆಯದನ್ನಷ್ಟೇ ಕೇಳಿದ್ದರೆ ಏನೂ ಪ್ರಯೋಜನವಿಲ್ಲ ಎಂದು ಬರೆದು ಫೈಲ್ ಮುಚ್ಚುತ್ತಿದ್ದರು, ಅಲ್ವಾ?

ಹಾಗಾಗಿ ಸುಮ್ನೆ 'ಹೇಗಿದ್ದೀರಮ್ಮಾ' ಎಂದು ಕೇಳಿದರೆ ಆಗಲ್ಲ. ಫ್ಯಾಕ್ಟ್-ಬಿ ಎಂಬ ಪ್ರಶ್ನಾವಳಿಯಲ್ಲಿ 37 ಪ್ರಶ್ನೆಗಳಿವೆ. ತೋಳು ಊದಿದೆಯಾ, ಉಡುಪಿನ ಬಗ್ಗೆ ಮುಜುಗರ ಆಗುತ್ತದಾ, ಮನೆಯ ಬೇರೆಯವರಿಗೂ ಈ ಕಾಯಿಲೆ ಬರಬಹುದೆಂಬ ಚಿಂತೆ ಇದೆಯಾ ಎಂದು ಅದು ಕೇಳುತ್ತದೆ. ಇಂಥವನ್ನು ವ್ಯಾಯಾಮ ಶುರುವಾಗುವ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ, ಆರು ತಿಂಗಳಿಗೆ ಮತ್ತೊಮ್ಮೆ ಕೇಳಬೇಕು. ಓದಲು ಬಾರದವರಿಗೆ ಓದಿ ಹೇಳಬೇಕು. ವ್ಯಾಯಾಮ ಹೇಳಿಕೊಡುವವರೇ ಕೇಳಿದರೆ ನಮ್ಮ ಹೆಂಗಸರು ದಾಕ್ಷಿಣ್ಯಕ್ಕೆ 'ಚೆನ್ನಾಗಿದ್ದೀನಿ ಸಾರ್' ಅಂದುಬಿಡುತ್ತಾರೆ. ಆ ಕೆಲಸವನ್ನು ಸಮಾಜಕಾರ್ಯ ವಿದ್ಯಾರ್ಥಿನಿಯರಿಗೆ ವಹಿಸಬಹುದು. ಅರ್ಧಕ್ಕೆ ಬಿಟ್ಟವರನ್ನೂ ಕೇಳಲೇಬೇಕು. ಉಳಿದವರನ್ನಷ್ಟೇ ಎಣಿಸಿದರೆ ಎಲ್ಲರೂ ಪಾಸಾದಂತೆ ಕಾಣುತ್ತದೆ.

ಫಲ ಬಂದದ್ದು ವ್ಯಾಯಾಮದಿಂದಲೋ, ನಾಲ್ಕು ಜನ ಕೂತು ಕಷ್ಟಸುಖ ಮಾತಾಡಿದ್ದರಿಂದಲೋ ಎಂಬ ಪ್ರಶ್ನೆ ಉಳಿಯುತ್ತದೆ. ಸ್ಕಾಟ್ಲೆಂಡಿನ ಆ ತರಗತಿಗಳಲ್ಲೂ ವ್ಯಾಯಾಮದ ನಂತರ ಮಾತುಕತೆ ಇತ್ತು. ಇಲ್ಲೂ ಇರಲಿ. ಶಿರಾ, ಪಾವಗಡದಿಂದ ಬರುವವರಿಗೆ ಬಸ್ ಚಾರ್ಜ್ ಯಾರು ಕೊಡುತ್ತಾರೆ ಎಂಬುದನ್ನು ಆರೋಗ್ಯ ಇಲಾಖೆ ಮೊದಲೇ ತೀರ್ಮಾನಿಸಲಿ.

— ನಿವೃತ್ತ ಗಣಿತ ಶಿಕ್ಷಕಿ, ಎಸ್.ಎಸ್. ಪುರಂ, ತುಮಕೂರು