ಕಲಾವಿದರ ನಂತರ ಕೃತಿಗಳ ಪಾಡು

ಮಾನ್ಯ ಸಂಪಾದಕರೇ,

ಹಳೆಯ ಸಂಸತ್ ಭವನದ ಸೆಂಟ್ರಲ್ ಹಾಲ್‌ನಲ್ಲಿರುವ ನೆಹರೂ ಭಾವಚಿತ್ರವನ್ನು ರಚಿಸಿದ ಸ್ವೆತೊಸ್ಲಾವ್ ರೋರಿಕ್ 1993ರಲ್ಲಿ, ಪತ್ನಿ ದೇವಿಕಾರಾಣಿ 1994ರಲ್ಲಿ ನಿಧನರಾದರು. ದಂಪತಿಗೆ ಮಕ್ಕಳಿರಲಿಲ್ಲ. ಬೆಂಗಳೂರಿನ ಕನಕಪುರ ರಸ್ತೆಯಲ್ಲಿರುವ ಅವರ ತಾತಗುಣಿ ಎಸ್ಟೇಟ್‌ನ ಒಡೆತನ ವ್ಯಾಜ್ಯಕ್ಕೆ ಸಿಲುಕಿ, ಅದನ್ನು ವಶಪಡಿಸಿಕೊಳ್ಳಲು ರಾಜ್ಯ ಸರ್ಕಾರ 1996ರಲ್ಲಿ ರೂಪಿಸಿದ ಪ್ರತ್ಯೇಕ ಕಾಯ್ದೆಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯುವ ವೇಳೆಗೆ 2011 ಬಂದಿತ್ತು. ಈ ಅವಧಿಯ ಚರ್ಚೆಯೆಲ್ಲ ಬಹುಪಾಲು ಎಕರೆಗಳ ಸುತ್ತಲೇ ನಡೆಯಿತೆಂಬುದು ನನ್ನ ಅನಿಸಿಕೆ.

ಜಮೀನಿಗೆ ಕಾಯುವ ಶಕ್ತಿಯಿದೆ. ಆದರೆ ರೋರಿಕ್ ಹೆಚ್ಚಾಗಿ ಬಳಸಿದ, ಮೊಟ್ಟೆಯ ಹಳದಿಯಂಥ ಅಂಟಿನಲ್ಲಿ ಕಲಸುವ ಟೆಂಪೆರಾ ಬಣ್ಣಕ್ಕೆ ತೇವ ತಗುಲಿದರೆ ಬೂಷ್ಟು ಹಿಡಿಯುತ್ತದೆ. ಕ್ಯಾನ್ವಾಸ್ ಸಡಿಲಗೊಂಡು ಬಿಗಿಯಾದಂತೆಲ್ಲ ಬಣ್ಣದ ಪದರ ಬಿರುಕುಬಿಟ್ಟು ಚಕ್ಕೆಚಕ್ಕೆಯಾಗಿ ಉದುರುತ್ತದೆ. ಅವರ ಕೆಲವು ಕೃತಿಗಳನ್ನು ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ನೋಡಬಹುದೆಂಬುದು ಸಮಾಧಾನದ ಸಂಗತಿ.

ಕಾನೂನಿನ ಪ್ರಕಾರ ಕೃತಿಸ್ವಾಮ್ಯವು ಕಲಾವಿದರ ಮರಣದ ನಂತರ 60 ವರ್ಷ, ಅಂದರೆ ರೋರಿಕ್ ಅವರ ವಿಷಯದಲ್ಲಿ 2053ರ ಕೊನೆಯವರೆಗೆ ಉಳಿಯುತ್ತದೆ. ಮೂಲಚಿತ್ರ ಅಲ್ಲಿಯವರೆಗೆ ಉಳಿಯುವ ಭರವಸೆಯನ್ನು ಮಾತ್ರ ಯಾವ ಕಾನೂನೂ ಕೊಡುವುದಿಲ್ಲ. ಆದ್ದರಿಂದ ಪ್ರತಿ ಕೃತಿಯ ಛಾಯಾಚಿತ್ರ, ಅಳತೆ, ಈಗಿನ ಸ್ಥಿತಿ ಮತ್ತು ಅದು ಇರುವ ಸ್ಥಳವನ್ನು ದಾಖಲಿಸಿದ ಸಂಪೂರ್ಣ ಪಟ್ಟಿಯನ್ನು ಸರ್ಕಾರ ಸಾರ್ವಜನಿಕರ ಮುಂದಿಡಬೇಕು. ಹಿರಿಯ ಕಲಾವಿದರು ಸಹ ಮನೆ, ನಿವೇಶನಗಳಂತೆ ತಮ್ಮ ಚಿತ್ರಗಳ ಬಗ್ಗೆಯೂ ಉಯಿಲಿನಲ್ಲಿ ಪ್ರತ್ಯೇಕವಾಗಿ ಬರೆದಿಡುವುದು ಒಳ್ಳೆಯದು.

— ಒಬ್ಬ ಕಲಾಸಕ್ತ, ಬೆಂಗಳೂರು