ಗೇಟಿನಲ್ಲಿ ಬೋರ್ಡ್ ಹಾಕುವ ಮುಂಚೆ ಒಳಗಿನವರಿಗೆ ಬಡ್ತಿ ಕೊಡಿ

ಮಾನ್ಯ ಸಂಪಾದಕರೇ,

ಗಾರ್ಮೆಂಟ್ಸ್‌ಗೆ ಕೆಲಸಗಾರರೇ ಸಿಗುತ್ತಿಲ್ಲ ಅಂತ ಮಾಲೀಕರು ಹೇಳುವುದನ್ನು ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ಸಿಗುತ್ತಿಲ್ಲ ಅನ್ನೋದು ಅರ್ಧ ಮಾತು. ಸಿಕ್ಕವರು ನಿಲ್ಲುತ್ತಿಲ್ಲ ಅನ್ನೋದನ್ನು ಯಾರೂ ಜೋರಾಗಿ ಹೇಳುವುದಿಲ್ಲ. ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿ, ದೊಡ್ಡಬಳ್ಳಾಪುರ, ಎಲ್ಲಿ ಬೇಕಾದರೂ ಹೋಗಿ ನೋಡಿ, ಫ್ಯಾಕ್ಟರಿ ಗೇಟಿನಲ್ಲಿ ‘ಟೈಲರ್ ಬೇಕಾಗಿದ್ದಾರೆ, ಹೆಲ್ಪರ್ ಬೇಕಾಗಿದ್ದಾರೆ’ ಬೋರ್ಡ್ ವರ್ಷವಿಡೀ ನೇತಾಡುತ್ತಿರುತ್ತದೆ. ಮಳೆಗೆ ಬಣ್ಣ ಹೋದರೆ ಹೊಸದಾಗಿ ಬರೆಸುತ್ತಾರೆ, ಅಷ್ಟೇ.

ನಾನು ಅಂಥದ್ದೊಂದು ಫ್ಯಾಕ್ಟರಿಯ ಟೈಮ್ ಆಫೀಸಿನಲ್ಲಿ ಬಹಳ ವರ್ಷ ಇದ್ದವನು. ಹಾಜರಿ, ಪಿಎಫ್ ಫಾರಂ, ರಾಜೀನಾಮೆ ಎಲ್ಲ ನನ್ನ ಟೇಬಲ್ ಮೇಲೆಯೇ ಹಾದು ಹೋಗುತ್ತಿದ್ದವು. ರಾಜೀನಾಮೆ ಫಾರಂನಲ್ಲಿ ‘ಕಾರಣ’ ಅಂತ ಒಂದು ಜಾಗ ಇರುತ್ತೆ. ಅಲ್ಲಿ ಹೆಚ್ಚು ಕಮ್ಮಿ ಎಲ್ಲರೂ ಬರೆಯೋದು ‘ಮನೆಯ ತೊಂದರೆ’ ಅಂತ. ಎಚ್‌ಆರ್‌ನವರು ಅದನ್ನೇ ಲೆಕ್ಕ ಹಾಕಿ, ‘ನೋಡಿ, ಹೆಂಗಸರು ಮನೆ ತೊಂದರೆಯಿಂದ ಬಿಡ್ತಾರೆ, ನಾವೇನು ಮಾಡೋಕಾಗುತ್ತೆ’ ಅಂತ ಮೀಟಿಂಗಿನಲ್ಲಿ ಹೇಳಿ ಕೈತೊಳೆದುಕೊಳ್ಳುತ್ತಿದ್ದರು. ಸ್ವಲ್ಪ ದಿನ ಬಿಟ್ಟು ನೋಡಿದರೆ ಅದೇ ಹೆಣ್ಣುಮಗಳು ಹಿಂದಿನ ರಸ್ತೆಯ ಫ್ಯಾಕ್ಟರಿಯ ಐಡಿ ಕಾರ್ಡ್ ಕೊರಳಿಗೆ ಹಾಕಿಕೊಂಡು ಬಸ್ ಸ್ಟಾಪಿನಲ್ಲಿ ನಿಂತಿರುತ್ತಿದ್ದರು. ಮನೆ ಅದೇ, ತೊಂದರೆಯೂ ಅದೇ, ಬದಲಾಗಿದ್ದು ಫ್ಯಾಕ್ಟರಿ ಮಾತ್ರ!

ಯಾಕೆ ಹೋಗ್ತಾರೆ? ಸಂಬಳ ಜಾಸ್ತಿ ಸಿಗುತ್ತೆ ಅಂತ ನೀವು ಅಂದುಕೊಳ್ಳಬಹುದು. ಇಲ್ಲ. ಬಹುತೇಕ ಎಲ್ಲ ಕಡೆ ಕೊಡೋದು ಸರ್ಕಾರ ನಿಗದಿ ಮಾಡಿದ ಕನಿಷ್ಠ ವೇತನ, ಅದರ ಆಸುಪಾಸು. ಏಪ್ರಿಲ್ ಬಂದರೆ ಡಿಎ (ತುಟ್ಟಿಭತ್ಯೆ) ಏರುತ್ತೆ, ಎಲ್ಲರಿಗೂ ಒಟ್ಟಿಗೇ ಏರುತ್ತೆ. ಎಂಟು ವರ್ಷದಿಂದ ಕಾಲರ್ ಕೂರಿಸುತ್ತಿರುವವರಿಗೂ, ಮೊನ್ನೆ ಸೇರಿದವರಿಗೂ ಕೈಗೆ ಬರೋ ದುಡ್ಡಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲ್ಲ. ಹೆಲ್ಪರ್‌ಗೂ ಟೈಲರ್‌ಗೂ ದಿನಕ್ಕೆ ಕೆಲವೇ ರೂಪಾಯಿ ಅಂತರ. ಅಂದರೆ ಇಲ್ಲೇ ಇದ್ದರೆ ಏನೂ ಸಿಗಲ್ಲ, ಬಿಟ್ಟರೆ ಏನೂ ಹೋಗಲ್ಲ. ಹಾಗಿರುವಾಗ ಸೂಪರ್‌ವೈಸರ್ ಒಂದು ಕೆಟ್ಟ ಮಾತಾಡಿದರೆ ಸಾಕು, ಮಾರನೇ ದಿನ ಮಷಿನ್ ಖಾಲಿ.

ಒಂದು ಉದಾಹರಣೆ ಹೇಳ್ತೀನಿ. ನಮ್ಮ ಶರ್ಟ್ ಬ್ಯಾಚಿನಲ್ಲಿ, ಅಂದರೆ ಒಟ್ಟಿಗೆ ಶರ್ಟ್ ಹೊಲಿಯೋ ಮಷಿನ್ ಸಾಲಿನಲ್ಲಿ, ಒಬ್ಬರು ಫ್ಲೋಟರ್ ಇದ್ದರು. ಫ್ಲೋಟರ್ ಅಂದರೆ ಯಾರು ರಜೆ ಹಾಕಿದರೂ ಅವರ ಮಷಿನ್‌ಗೆ ಹೋಗಿ ಕೂರೋ ಟೈಲರ್. ಬೆಳಿಗ್ಗೆ ಕಫ್, ಮಧ್ಯಾಹ್ನ ತೋಳು ಜೋಡಿಸೋದು, ಸಂಜೆ ಬಾಟಮ್ ಹೆಮ್ಮಿಂಗ್. ಸೋಮವಾರ ಬಂತು ಅಂದರೆ ಇಡೀ ಬ್ಯಾಚ್ ಅವರ ಮೇಲೆಯೇ ನಡೆಯುತ್ತಿತ್ತು. ಅವರು ಹೆಲ್ಪರ್ ಆಗಿ ಸೇರಿದವರು. ದಾರ ಕತ್ತರಿಸೋದು, ಬಂಡಲ್ ಎತ್ತಿಡೋದು ಅವರ ಕೆಲಸ. ಊಟದ ಬಿಡುವಿನಲ್ಲಿ ಬೇಗ ಬೇಗ ಡಬ್ಬಿ ಮುಗಿಸಿ, ಖಾಲಿ ಇರೋ ಮಷಿನ್ ಮೇಲೆ ವೇಸ್ಟ್ ಬಟ್ಟೆ ಇಟ್ಟುಕೊಂಡು ತಾವೇ ಕಲಿತರು. ಕಲಿಸಿದವರು ಯಾರೂ ಇಲ್ಲ, ಬೈದವರು ಇದ್ದರು. ಇಷ್ಟೆಲ್ಲ ಆದ ಮೇಲೂ ಅವರ ಸ್ಯಾಲರಿ ಸ್ಲಿಪ್ಪಿನಲ್ಲಿ ಇದ್ದದ್ದು ಬರೀ ‘ಟೈಲರ್’ ಅಂತ, ಬಂದದ್ದು ಪಕ್ಕದ ಮಷಿನ್ನಿನಲ್ಲಿ ಒಂದೇ ಕೆಲಸ ಮಾಡುವವರಷ್ಟೇ ದುಡ್ಡು. ಕೊನೆಗೆ ಅವರೂ ಫಾರಂ ತುಂಬಿ ಕೊಟ್ಟರು. ಕಾರಣ: ಮನೆಯ ತೊಂದರೆ. ಅವರು ಹೋದ ಮೇಲೆ ಆ ಬ್ಯಾಚಿನ ಟಾರ್ಗೆಟ್ ಬಿದ್ದು ಹೋಯಿತು, ಓವರ್‌ಟೈಮ್ ಹಾಕಿ ಶಿಪ್‌ಮೆಂಟ್ ಕಳಿಸಿದರು. ಆ ಓವರ್‌ಟೈಮ್ ದುಡ್ಡಿನಲ್ಲಿ ಅವರಿಗೆ ಎಷ್ಟು ವರ್ಷ ಇನ್‌ಕ್ರಿಮೆಂಟ್ ಕೊಡಬಹುದಿತ್ತೋ, ಯಾರೂ ಲೆಕ್ಕ ಹಾಕಲಿಲ್ಲ.

ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಿರಲ್ಲ. ಕೆಲಸ ಬಿಟ್ಟರೆ ಪಿಎಫ್ ದುಡ್ಡು ಕೈಗೆ ಬರುತ್ತೆ. ಜೂನ್‌ನಲ್ಲಿ ಮಕ್ಕಳ ಫೀಸು, ಮನೆ ಲೀಸು, ತಂಗಿ ಮದುವೆ, ಇಂಥದ್ದಕ್ಕೆಲ್ಲ ಅದೇ ಬ್ಯಾಂಕು. 2016ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಪಿಎಫ್ ತೆಗೆಯೋ ನಿಯಮ ಬಿಗಿ ಮಾಡಲು ಹೊರಟಾಗ ಬೆಂಗಳೂರಿನ ರಸ್ತೆಗಳಲ್ಲಿ ಸಾವಿರಾರು ಹೆಂಗಸರು ಇಳಿದದ್ದು ಅದಕ್ಕೇ. ಎರಡೇ ದಿನದಲ್ಲಿ ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು. ಆದರೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಮಾಲೀಕರು ಕೊಡಬೇಕಾದ ಇಡುಗಂಟು, ಅದರ ಲೆಕ್ಕ ಬೇರೆ. ಕಾನೂನಿನ ಪ್ರಕಾರ ಸಾಮಾನ್ಯವಾಗಿ ಒಂದೇ ಕಡೆ ಐದು ವರ್ಷ ಪೂರೈಸಿದವರಿಗೆ ವರ್ಷಕ್ಕೆ 15 ದಿನದ ಸಂಬಳ. ನಾಲ್ಕು ವರ್ಷಕ್ಕೇ ಬಿಟ್ಟವರಿಗೆ ಸೊನ್ನೆ. ಹಾಗೆ ಬಿಟ್ಟು ಹೋಗುವವರನ್ನು ಕರೆದು ಕೂರಿಸಿ ‘ಇನ್ನೊಂದು ವರ್ಷ ಇರಮ್ಮ, ಇಷ್ಟು ಬರುತ್ತೆ’ ಅಂತ ಹೇಳಿದ ಒಬ್ಬ ಮ್ಯಾನೇಜರನ್ನೂ ನಾನು ನೋಡಲಿಲ್ಲ. ಅವರು ಹೋದರೆ ಫ್ಯಾಕ್ಟರಿಗೆ ಆ ದುಡ್ಡು ಉಳೀತು ಅಂತ ಕೆಲವರ ಲೆಕ್ಕಾಚಾರ ಇರಬಹುದು. ಹಾಗಿದ್ದರೆ ಜನ ನಿಲ್ಲಲ್ಲ ಅಂತ ಗೊಣಗಬಾರದು ತಾನೇ?

ಸರ್ಕಾರಿ ನೌಕರಿಗೆ ಜನ ಯಾಕೆ ಅಂಟಿಕೊಳ್ಳುತ್ತಾರೆ ಅಂದರೆ ಎಲ್ಲರೂ ಪಿಂಚಣಿ ಅಂತಾರೆ. ಪಿಂಚಣಿ ಒಂದೇ ಅಲ್ಲ. ನಮ್ಮ ರಾಜ್ಯದ ನೌಕರರಿಗೆ ಬಡ್ತಿ ಸಿಗದೆ ಒಂದೇ ಹುದ್ದೆಯಲ್ಲಿದ್ದರೂ 10 ವರ್ಷಕ್ಕೆ ಕಾಲಮಿತಿ ಬಡ್ತಿ, 15ಕ್ಕೆ ಇನ್ನೊಂದು, 20ಕ್ಕೆ ಹೆಚ್ಚುವರಿ ಇನ್‌ಕ್ರಿಮೆಂಟ್ ಅಂತ ಇದೆ. ಸೇರಿದ ದಿನವೇ ಮುಂದಿನದು ಕಾಣುತ್ತೆ. ಬ್ಯಾಂಕಿನಲ್ಲಿ ಕ್ಲರ್ಕ್ ಆಗಿ ಸೇರಿದವರು ಜೆಎಐಐಬಿ, ಸಿಎಐಐಬಿ ಪರೀಕ್ಷೆ ಪಾಸು ಮಾಡಿದರೆ ಇನ್‌ಕ್ರಿಮೆಂಟ್ ಕೊಡುತ್ತಾರೆ, ಆಫೀಸರ್ ಆಗೋ ದಾರಿಯೂ ಇದೆ. ಇದೇ ಬೆಂಗಳೂರಿನ ಐಟಿ ಕಂಪನಿಗಳು ಕೂಡ ಪಾಠ ಕಲಿತದ್ದು ಏಟು ತಿಂದ ಮೇಲೆ. 2022ರ ಜೂನ್ ತ್ರೈಮಾಸಿಕದಲ್ಲಿ ಇನ್ಫೋಸಿಸ್‌ನಲ್ಲಿ ಕೆಲಸ ಬಿಡುವವರ ಪ್ರಮಾಣ ಶೇ 28.4ಕ್ಕೆ ಹೋಗಿತ್ತು. ಆಗ ಐಟಿಯವರೆಲ್ಲ ಬಡ್ತಿ, ಹೊಸ ಕೌಶಲ, ಒಳಗೇ ಬೇರೆ ಪ್ರಾಜೆಕ್ಟ್ ಅಂತ ಓಡಾಡಿದರು. ಅಲ್ಲಿ ಕೆಲಸ ಬಿಟ್ಟರೆ ಪೇಪರ್‌ನಲ್ಲಿ ಸುದ್ದಿ. ಇಲ್ಲಿ ಬಿಟ್ಟರೆ ಗೇಟಿನಲ್ಲಿ ಇನ್ನೊಂದು ಬೋರ್ಡ್.

ಮಾಲೀಕರಿಗೆ ಕೇಳಿದರೆ ಒಂದೇ ಉತ್ತರ: ‘ಕಲಿಸಿದರೆ ಕಲಿತುಕೊಂಡು ಓಡಿ ಹೋಗ್ತಾರೆ.’ ಇದು ಸುಳ್ಳು ಅಂತ ತೋರಿಸಿದ್ದು ನಮ್ಮ ಬೆಂಗಳೂರಿನ ಗಾರ್ಮೆಂಟ್ಸ್‌ಗಳೇ. ಗ್ಯಾಪ್ ಅನ್ನೋ ಅಮೆರಿಕದ ಬಟ್ಟೆ ಕಂಪನಿ 2007ರಲ್ಲಿ ಶುರು ಮಾಡಿದ ‘ಪೇಸ್’ ಅನ್ನೋ ತರಬೇತಿ ಇದೆ. ಹೊಲಿಗೆ ಕಲಿಸೋದಲ್ಲ. ಎದುರಿಗೆ ನಿಂತು ಮಾತಾಡೋದು, ಸಮಯ ಹೊಂದಿಸಿಕೊಳ್ಳೋದು, ಸಮಸ್ಯೆ ಬಂದರೆ ಬಿಡಿಸೋದು, ಇಂಥದ್ದು. ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನ್ಯಷಾಧಮ್ ಅನ್ನೋ ಅರ್ಥಶಾಸ್ತ್ರಜ್ಞರು ಇಲ್ಲಿನ ಐದು ಫ್ಯಾಕ್ಟರಿಗಳಲ್ಲಿ ಅದನ್ನು ಪರೀಕ್ಷೆಗೆ ಹಚ್ಚಿದರು. ಆಸಕ್ತಿ ಇದ್ದವರಲ್ಲಿ ಲಾಟರಿ ಎತ್ತಿ ಕೆಲವರಿಗೆ ತರಬೇತಿ ಕೊಟ್ಟು, ಉಳಿದವರ ಜೊತೆ ಹೋಲಿಸಿ ನೋಡಿದರು. ಕಲಿತವರ ಕೆಲಸ ಚುರುಕಾಯಿತು. ಕಲಿಯದವರಿಗಿಂತ ಹೆಚ್ಚಾಗಿ ಅವರೇನೂ ಬಿಟ್ಟು ಹೋಗಲಿಲ್ಲ. ತರಬೇತಿ ಮುಗಿದ ಎಂಟೇ ತಿಂಗಳಲ್ಲಿ ಆ ಫ್ಯಾಕ್ಟರಿಗಳ ಕಂಪನಿಗೆ ಬಂದ ಲಾಭ ಹಾಕಿದ ದುಡ್ಡಿನ ಎರಡೂವರೆ ಪಟ್ಟಿಗೂ ಜಾಸ್ತಿ. ಆ ಹೆಂಗಸರ ಸಂಬಳ ಏರಿದ್ದೆಷ್ಟು ಗೊತ್ತಾ? ಅರ್ಧ ಪರ್ಸೆಂಟ್. ಸುಮ್ನೆ ಒಂದು ಕ್ಷಣ ಯೋಚನೆ ಮಾಡಿ. ಓಡಿ ಹೋಗ್ತಾರೆ ಅಂತ ಅನುಮಾನ ಇರೋದು ಅವರ ಮೇಲೆ, ಲಾಭವೆಲ್ಲ ಹೋಗಿದ್ದು ಇನ್ನೊಂದು ಕಡೆಗೆ. ಬಡ್ತಿ ಕೊಟ್ಟರೆ ಜನ ನಿಲ್ಲುತ್ತಾರೆ ಅಂತ ಆ ಅಧ್ಯಯನ ಹೇಳಲ್ಲ, ಅದು ನನ್ನ ಮಾತು. ಆದರೆ ಕೊಡೋಕೆ ದುಡ್ಡಿದೆ ಅನ್ನೋದು ಅದರಿಂದ ಗೊತ್ತಾಗುತ್ತೆ.

ಬಡ್ತಿ ಅಂದ ತಕ್ಷಣ ಎಲ್ಲರನ್ನೂ ಸೂಪರ್‌ವೈಸರ್ ಮಾಡಿ ಅಂತ ನಾನು ಹೇಳುತ್ತಿಲ್ಲ. ಒಂದು ಬ್ಯಾಚಿಗೆ ಒಬ್ಬರೋ ಇಬ್ಬರೋ ಸೂಪರ್‌ವೈಸರ್, ಉಳಿದವರೆಲ್ಲ ಟೈಲರ್, ಹೆಲ್ಪರ್. ಜೊತೆಗೆ ಎಷ್ಟೋ ಹೆಂಗಸರಿಗೆ ಆ ಕೆಲಸ ಬೇಡ. ಸೂಪರ್‌ವೈಸರ್ ಆದರೆ ಮನೆ ಸೇರೋದು ರಾತ್ರಿ ಎಂಟಾಗುತ್ತೆ, ಮೇಲಿನವರು ಬೈದಿದ್ದನ್ನು ಕೆಳಗಿನವರ ಮೇಲೆ ಕಕ್ಕಬೇಕಾಗುತ್ತೆ. ‘ನಂಗೆ ಆ ಬಾಯಿ ಇಲ್ಲ ಸಾರ್’ ಅಂತ ಒಬ್ಬರು ನನಗೇ ಹೇಳಿದ್ದರು. ಕೆಲಸ ಮಾಡೋರೆಲ್ಲ ಹೆಂಗಸರು, ಮಾಡಿಸೋರು ಮಾತ್ರ ಗಂಡಸರು ಅನ್ನೋ ಹಾಗಾಗಿರೋದಕ್ಕೆ ಇದೂ ಒಂದು ಕಾರಣ. ಮೊದಲು ಆ ಕುರ್ಚಿಯನ್ನು ಮನುಷ್ಯರು ಕೂರುವಂತೆ ಮಾಡಬೇಕು. ಅದಿರಲಿ, ಬೇರೆ ಮೆಟ್ಟಿಲುಗಳೂ ಇವೆ. ಸ್ಯಾಂಪಲ್ ಟೈಲರ್, ಕ್ವಾಲಿಟಿ ಚೆಕರ್, ಹೊಸಬರಿಗೆ ಕಲಿಸೋ ಟ್ರೈನರ್, ಪ್ಯಾಟರ್ನ್ ವಿಭಾಗ, ಮಷಿನ್ ಮೆಕ್ಯಾನಿಕ್. ಮೆಕ್ಯಾನಿಕ್ ಕೆಲಸಕ್ಕೆ ಹೆಂಗಸರನ್ನು ಯಾಕೆ ತೆಗೆದುಕೊಳ್ಳಲ್ಲವೋ ನನಗೆ ಇವತ್ತಿಗೂ ಅರ್ಥ ಆಗಿಲ್ಲ. ಸೂಜಿ ಮುರಿದರೆ, ದಾರ ಸಿಕ್ಕಿಕೊಂಡರೆ ದಿನವಿಡೀ ಸರಿ ಮಾಡಿಕೊಳ್ಳೋರು ಅವರೇ ಅಲ್ವಾ?

ನಾನು ಕೇಳೋದು ಇಷ್ಟೇ. ಕನಿಷ್ಠ ವೇತನದ ವಿವರ ಅಂಟಿಸೋ ನೋಟಿಸ್ ಬೋರ್ಡಿನಲ್ಲಿಯೇ ಇನ್ನೊಂದು ಹಾಳೆ ಅಂಟಿಸಿ, ಅದೂ ಕನ್ನಡದಲ್ಲಿ, ಒಡಿಶಾ, ಜಾರ್ಖಂಡ್ ಹುಡುಗಿಯರು ಇದ್ದರೆ ಅವರ ಭಾಷೆಯಲ್ಲೂ. ಹೆಲ್ಪರ್ ಎಷ್ಟು ತಿಂಗಳಿಗೆ ಮಷಿನ್ ಪರೀಕ್ಷೆಗೆ ಕೂರಬಹುದು, ಒಂದು ಆಪರೇಷನ್ (ಕಫ್, ಕಾಲರ್‌ನಂಥ ಒಂದು ಹೊಲಿಗೆ ಕೆಲಸ) ಬಂದರೆ ಎಷ್ಟು, ಮೂರು ಬಂದರೆ ಎಷ್ಟು, ಫ್ಲೋಟರ್‌ಗೆ ಎಷ್ಟು, ಎಲ್ಲ ರೂಪಾಯಿ ಲೆಕ್ಕದಲ್ಲಿ ಇರಲಿ. ಪರೀಕ್ಷೆ ಡ್ಯೂಟಿ ಸಮಯದಲ್ಲೇ ನಡೆಯಲಿ, ಊಟದ ಬಿಡುವಿನಲ್ಲಿ ಬೇಡ. ಗ್ರೇಡ್ ಸ್ಯಾಲರಿ ಸ್ಲಿಪ್ಪಿನಲ್ಲಿ ಅಚ್ಚಾಗಲಿ, ನಾಳೆ ಬೇರೆ ಕಡೆ ಹೋದರೂ ತೋರಿಸೋಕೆ ಬರುತ್ತೆ. ಹೆರಿಗೆ ರಜೆ ಮುಗಿಸಿ ಬಂದವರನ್ನು ಮತ್ತೆ ಕೆಳಗಿನ ಗ್ರೇಡಿಗೆ ತಳ್ಳಬೇಡಿ, ಇದು ನಡೆಯುತ್ತೆ ಅಂತ ಗೊತ್ತಿರೋದಕ್ಕೇ ಹೇಳುತ್ತಿದ್ದೇನೆ. ಕಾರ್ಮಿಕ ಇಲಾಖೆಯವರು ತಪಾಸಣೆಗೆ ಬಂದಾಗ ಹಾಜರಿ ಪುಸ್ತಕದ ಜೊತೆ ‘ಈ ವರ್ಷ ಎಷ್ಟು ಹೆಲ್ಪರ್‌ಗಳು ಟೈಲರ್ ಆದರು’ ಅಂತಲೂ ಒಂದು ಮಾತು ಕೇಳಲಿ. ಬಟ್ಟೆ ಕೊಳ್ಳೋ ವಿದೇಶಿ ಬ್ರ್ಯಾಂಡ್‌ನವರು ಆಡಿಟ್‌ಗೆ ಬಂದು ಬೆಂಕಿ ಆರಿಸೋ ಸಿಲಿಂಡರ್‌ನ ತಾರೀಕು ನೋಡಿ ಹೋಗ್ತಾರಲ್ಲ, ಅವರೂ ಕೇಳಲಿ.

ಇದಕ್ಕೆಲ್ಲ ದುಡ್ಡಿಲ್ಲ ಅನ್ನೋ ಮಾಲೀಕರು ಯಾರಾದರೂ ಇದ್ದರೆ, ದಯವಿಟ್ಟು ಇದೇ ಅಂಕಣಕ್ಕೆ ಬರೆಯಲಿ. ಜೊತೆಗೆ ಕಳೆದ ವರ್ಷ ತಮ್ಮಲ್ಲಿ ಎಷ್ಟು ಜನ ಬಿಟ್ಟರು, ಅವರ ಜಾಗಕ್ಕೆ ಜನ ಹುಡುಕಿ ಕಲಿಸೋಕೆ ಎಷ್ಟು ಖರ್ಚಾಯಿತು ಅನ್ನೋದನ್ನೂ ಬರೆಯಲಿ.

— ಗಾರ್ಮೆಂಟ್ಸ್‌ನ ಹಳೆಯ ನೌಕರ, ಲಗ್ಗೆರೆ, ಬೆಂಗಳೂರು